ಸಣ್ಣ ಕಾರಿನ ಚುರುಕು



ಹತ್ತು ಹನ್ನೆರಡು ಲಕ್ಷ ರೂಪಾಯಿಯ ಆಸುಪಾಸಿನಲ್ಲಿ ಚುರುಕಾದ ಕಾರೊಂದನ್ನು ಬಯಸುವ ಭಾರತದ ಯುವ ಚಾಲಕರ ಅಪೇಕ್ಷೆಯನ್ನು ವೇಗದ ಹುಚ್ಚೆಂದು ಹಿರಿಯರು ತಳ್ಳಿಹಾಕುವುದುಂಟು. ಆದರೆ ಬೆಂಗಳೂರಿನ ಸಂಚಾರದಲ್ಲಾಗಲಿ, ಆಗುಂಬೆಯ ತಿರುವುಗಳಲ್ಲಾಗಲಿ ಗರಿಷ್ಠ ವೇಗವನ್ನು ಮುಟ್ಟುವ ಅವಕಾಶವೇ ಇಲ್ಲದಿರುವುದರಿಂದ, ಅವರು ನಿಜವಾಗಿ ಕೇಳುತ್ತಿರುವುದು ಆಕ್ಸಿಲರೇಟರ್ ಒತ್ತಿದೊಡನೆ ಎಂಜಿನ್ ಓಗೊಡುವ, ಸ್ಟಿಯರಿಂಗ್ ತಿರುಗಿಸಿದಷ್ಟೇ ಕಾರು ತಿರುಗುವ ಹತೋಟಿಯನ್ನು.

ಇಂಥ ಕಾರುಗಳನ್ನು ಎಂಜಿನಿಯರರಷ್ಟೇ ತೆರಿಗೆಯ ನಿಯಮವೂ ರೂಪಿಸಿದೆ. ಉದ್ದ ನಾಲ್ಕು ಮೀಟರನ್ನೂ ಪೆಟ್ರೋಲ್ ಎಂಜಿನ್ 1200 ಸಿಸಿಯನ್ನೂ ಮೀರದ ಕಾರುಗಳಿಗೆ 2006ರ ಕೇಂದ್ರ ಬಜೆಟ್ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿತು. ಈ ಗೆರೆ ಜಿಎಸ್‌ಟಿಯಲ್ಲಿಯೂ ಉಳಿದು, 2025ರ ಸೆಪ್ಟೆಂಬರ್ 22ರಿಂದ ಅದರೊಳಗಿನ ಪೆಟ್ರೋಲ್ ಕಾರುಗಳಿಗೆ ಶೇ. 18, ಹೊರಗಿನವಕ್ಕೆ ಶೇ. 40 ಎಂದಾಗಿದೆ. ಎಂಜಿನನ್ನು ಹಿಗ್ಗಿಸಲಾಗದ ತಯಾರಕರು ಟರ್ಬೋಚಾರ್ಜರನ್ನು, ಅಂದರೆ ಹೊರಹೋಗುವ ಹೊಗೆಯ ರಭಸದಿಂದಲೇ ಚಕ್ರವೊಂದನ್ನು ತಿರುಗಿಸಿ ಸಿಲಿಂಡರಿಗೆ ಹೆಚ್ಚು ಗಾಳಿ ತುಂಬುವ ಸಾಧನವನ್ನು, ನೆಚ್ಚಿಕೊಂಡರು. 2013ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ ಮಿತಿಗೆ ಕೇವಲ ಮೂರು ಸಿಸಿ ಕಡಿಮೆಯಿದ್ದ ಎಂಜಿನ್ನಿನಿಂದ 105 ಪಿಎಸ್ ಶಕ್ತಿಯನ್ನು ಹೊರಡಿಸಿತು.

ಆದರೂ ಶಕ್ತಿಯೊಂದೇ ಅಳತೆಯಲ್ಲ. ಪ್ರತಿ ಟನ್ ತೂಕಕ್ಕೆ ದೊರೆಯುವ ಶಕ್ತಿ, ಅಂದರೆ ಶಕ್ತಿ–ತೂಕದ ಅನುಪಾತ, ಚುರುಕಿನ ನಿಜವಾದ ಲೆಕ್ಕ. 2017ರ ಮಾರುತಿ ಸುಜುಕಿ ಬಲೆನೊ ಆರ್‌ಎಸ್ ಸುಮಾರು 950 ಕಿಲೋ ತೂಗುತ್ತ 102 ಪಿಎಸ್ ನೀಡುತ್ತಿತ್ತು. ಸಾಧಾರಣ ಬಲೆನೊದ ಹಿಂಚಕ್ರಗಳಿಗೆ ಡ್ರಮ್ ಬ್ರೇಕ್ ಇದ್ದರೆ ಇದಕ್ಕೆ ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಇತ್ತು. ಹೊರನೋಟದಲ್ಲಿ ಅಬ್ಬರವಿಲ್ಲದ ಈ ಕಾರು 2020ರಲ್ಲಿ ಮಾರುಕಟ್ಟೆಯಿಂದ ಸರಿದುದು ವಿಷಾದದ ಸಂಗತಿ.

ಯುವಜನರ ಅಭಿರುಚಿಗೆ ಇನ್ನೂ ಸ್ಪಷ್ಟವಾದ ಸಾಕ್ಷ್ಯವಿದೆ. 2021ರಲ್ಲಿ ಬಂದ ಹುಂಡೈ ಐ20 ಎನ್ ಲೈನ್ 120 ಪಿಎಸ್ ಎಂಜಿನ್ನನ್ನೂ ಬಿಗಿಯಾದ ಸಸ್ಪೆನ್ಶನ್ನನ್ನೂ ಹೊಂದಿದ್ದರೂ, ಗೇರನ್ನು ಕೈಯಿಂದ ಬದಲಿಸಬೇಕಾದ ಮಾದರಿಯಲ್ಲಿ ಕ್ಲಚ್ ಪೆಡಲ್ ಇರಲಿಲ್ಲ. 2023ರ ಪರಿಷ್ಕರಣೆಯಲ್ಲಿ ತಯಾರಕರು ಆರು ಗೇರಿನ, ಕ್ಲಚ್ ಪೆಡಲ್ ಉಳ್ಳ ಮ್ಯಾನುಯಲ್ ವ್ಯವಸ್ಥೆಯನ್ನೇ ಕೊಟ್ಟರು. ಆಟೊಮ್ಯಾಟಿಕ್ ಗೇರಿಗೆ ಮಾರುಕಟ್ಟೆ ಒಲಿಯುತ್ತಿದ್ದ ಕಾಲದಲ್ಲಿ ಎಡಗಾಲಿಗೆ ಮರಳಿ ಕೆಲಸ ಕೊಟ್ಟ ಈ ನಿರ್ಧಾರವು, ಚಾಲನೆಯನ್ನು ಶ್ರಮವೆಂದಲ್ಲದೆ ಕೌಶಲವೆಂದು ಕಾಣುವ ಗಿರಾಕಿಗಳೂ ಇದ್ದಾರೆಂಬುದನ್ನು ಸೂಚಿಸುತ್ತದೆ.

ಚುರುಕಿನ ತೋರಿಕೆಗಾಗಿ ಹಾಕುವ ಕೆಂಪು ದಾರದ ಹೊಲಿಗೆ, ಬಾನೆಟ್ಟಿನ ಮೇಲಿನ ಪಟ್ಟೆ, ಹೆಸರಿನ ಕೊನೆಗೆ ಅಂಟಿಸಿದ ಎರಡಕ್ಷರ ಇವಕ್ಕೆಲ್ಲ ತಗಲುವ ಖರ್ಚು ಅಲ್ಪ. ಒಳ್ಳೆಯ ಟಯರು, ಬ್ರೇಕು, ಸಸ್ಪೆನ್ಶನ್ನುಗಳು ದುಬಾರಿ, ಮೇಲಾಗಿ ಅವು ಜಾಹೀರಾತಿನ ಚಿತ್ರದಲ್ಲಿ ಕಾಣುವುದೂ ಇಲ್ಲ. ಬಣ್ಣವನ್ನು ಮೆಚ್ಚುವ ಮೊದಲು ಬಗ್ಗಿ ಹಿಂದಿನ ಚಕ್ರದ ಬ್ರೇಕನ್ನು ನೋಡುವ ತರುಣ ತರುಣಿಯರಿಗಾಗಿ ಇಂಥ ಸಣ್ಣ ಕಾರುಗಳ ಈ ಪ್ರದರ್ಶನವು ಇದೀಗ ತೆರೆದಿದೆ.