ಮಕ್ಕಳ ಕೈಖರ್ಚು: ಕೂಡಿಡುವುದು ಏಕೆ, ಯಾರಿಗಾಗಿ?

 

ಮಕ್ಕಳಿಗೆ ಉಳಿತಾಯ ಕಲಿಸಿರಿ ಎಂದು ಹೇಳುವುದು ಸುಲಭ. ಆದರೆ ನಮ್ಮ ಮನೆಯ ಜಾಣ ಮಗುವೊಂದು ಎದುರು ಪ್ರಶ್ನೆ ಹಾಕಬಹುದು: "ನಾಳೆಗೆಂದು ಕೂಡಿಡುವುದನ್ನು ಶರಣರು ಒಪ್ಪಲಿಲ್ಲ ಅಂತೀರಿ. ನೀವೇ ಗೋಲಕ ತಂದುಕೊಟ್ಟು ಕೂಡಿಡು ಅಂತೀರಿ. ಯಾವ ಮಾತು ಕೇಳಲಿ?" ಇದಕ್ಕೆ ಉತ್ತರ ಹೇಳದೆ ಗೋಲಕ ಕೊಟ್ಟರೆ ನಾವು ಕಲಿಸುವುದು ಜಿಪುಣತನವಾದೀತು.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರಲು ಲಕ್ಕಮ್ಮನವರು ಹೇಳಿದ ಕಥೆ ನಿಮಗೆಲ್ಲ ಗೊತ್ತು. ಆ ತಾಯಿ ಬೇಡವೆಂದದ್ದು ಆಸೆಯನ್ನು. ಅವರ ಮನೆಯ ದಾಸೋಹ ಮಾತ್ರ ನಿಲ್ಲಲಿಲ್ಲ. ಅಂಗಡಿ ಮುಂದೆ ನಿಂತ ಮಗು ಬೇಡದ್ದನ್ನು ಬೇಡ ಎನ್ನಲು ಕಲಿತರೆ, ಅದು ಲಕ್ಕಮ್ಮನವರ ಪಾಠವನ್ನೇ ಕಲಿತಂತೆ. ಉಳಿತಾಯ ಹುಟ್ಟುವುದು ಅಲ್ಲಿ.

ಎಂಜಿನಿಯರನಾದ ನನಗೆ ನಮ್ಮ ನವಿಲುತೀರ್ಥದ ಅಣೆಕಟ್ಟು ನೆನಪಾಗುತ್ತದೆ. ಅದು ಮಳೆಗಾಲದ ಮಲಪ್ರಭೆಯನ್ನು ಹಿಡಿದಿಟ್ಟು, ಬೇಸಿಗೆಯಲ್ಲಿ ಹೊಲಕ್ಕೂ ಹುಬ್ಬಳ್ಳಿ-ಧಾರವಾಡದ ಕೊಡಗಳಿಗೂ ಕೊಡುತ್ತದೆ. ಕಾಲುವೆಯಿಲ್ಲದ ಅಣೆಕಟ್ಟನ್ನು ಯಾರೂ ಕಟ್ಟುವುದಿಲ್ಲ. ದುಡ್ಡೂ ಹಾಗೆಯೇ. ಹೊರಗೆ ಹರಿಯುವ ದಾರಿಯಿದ್ದರೆ ಅದು ಉಳಿತಾಯ, ಇಲ್ಲದಿದ್ದರೆ ಬರೀ ಸಂಗ್ರಹ. 2019ರ ಆಗಸ್ಟ್‌ನಲ್ಲಿ ಅದೇ ಹೊಳೆ ನಮ್ಮ ತಾಲೂಕಿನ ಮನೆಗಳಿಗೆ ನುಗ್ಗಿತು. ಅಂಥ ಹೊತ್ತಿನಲ್ಲಿ ಕೈಯಲ್ಲಿ ನಾಲ್ಕು ಕಾಸಿದ್ದವರು ನೆರೆಯವರಿಗೂ ಆಸರೆಯಾಗಬಲ್ಲರು. ಇಲ್ಲದವರು ಬಡ್ಡಿ ಸಾಲಕ್ಕೆ ಕೈಚಾಚಬೇಕು.

ಸಣ್ಣ ದುಡ್ಡೆಂದು ಹಗುರಾಗಿ ನೋಡಬೇಡಿ. 1925ರಲ್ಲಿ ಉಡುಪಿಯಲ್ಲಿ ಆರಂಭವಾದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯ ಮೂಲ ಉದ್ದೇಶಗಳಲ್ಲಿ ಒಂದು, ಕಷ್ಟಕ್ಕೆ ಸಿಕ್ಕ ಕೈಮಗ್ಗದ ನೇಕಾರರಿಗೆ ನೆರವಾಗುವುದು. ಅದು 1928ರಲ್ಲಿ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಕೂಡಿಸುವ ಪಿಗ್ಮಿ ಶುರು ಮಾಡಿತು. ನೇಕಾರರ ಊರಾದ ರಾಮದುರ್ಗಕ್ಕೆ ಇದರ ಬೆಲೆ ತಿಳಿಸಿ ಹೇಳಬೇಕಿಲ್ಲ.

ಇನ್ನು ಮನೆಯಲ್ಲಿ ಮಾಡಬೇಕಾದದ್ದು. ಕೇಳಿದಾಗಲೆಲ್ಲ ಕೊಡುವುದನ್ನು ಬಿಟ್ಟು, ವಾರಕ್ಕೊಮ್ಮೆ ಗೊತ್ತಾದ ದಿನ ಗೊತ್ತಾದಷ್ಟು ಕೊಡಿ. ವಾರಕ್ಕೆ 20 ರೂಪಾಯಿ ಎಂದರೆ ವರ್ಷಕ್ಕೆ 1,040. ಅದನ್ನು ಮಗುವೇ ಮೂರು ಪಾಲು ಮಾಡಲಿ: ಒಂದು ಖರ್ಚಿಗೆ, ಒಂದು ಪುಸ್ತಕ, ಸೈಕಲ್ಲಿನಂಥ ಗುರಿಗೆ, ಒಂದು ದಾಸೋಹಕ್ಕೆ. ದಾಸೋಹದ ಪಾಲನ್ನು ಮಗು ತನ್ನ ಕೈಯಾರೆ ಕೊಡಲಿ. ಮಗಳಿಗೂ ಮಗನಿಗೂ ಸಮನಾಗಿ ಕೊಡಿ. ಕಸ ಗುಡಿಸಿದ್ದಕ್ಕೆ, ನೀರು ತಂದದ್ದಕ್ಕೆ ಕೂಲಿ ಕೊಡಬೇಡಿ. ಮನೆಗೆಲಸ ಎಲ್ಲರ ಕಾಯಕ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ದುಡ್ಡು ಹೋದದ್ದು ಮಗುವಿನ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಮೊದಲು ನಾಣ್ಯ, ನೋಟು ಎಣಿಸಲಿ, ಲೆಕ್ಕ ಬರೆಯಲಿ.

ಹತ್ತು ವರ್ಷ ತುಂಬಿದ ಮಗು ಅಂಚೆ ಕಚೇರಿಯಲ್ಲಿ ತನ್ನ ಹೆಸರಿನ ಖಾತೆಯನ್ನು ತಾನೇ ನಡೆಸಬಹುದು. ಹತ್ತು ತುಂಬದ ಹೆಣ್ಣುಮಗುವಿಗೆ ಸುಕನ್ಯಾ ಸಮೃದ್ಧಿ ಇದೆ. ವರ್ಷಕ್ಕೆ ಕನಿಷ್ಠ 250 ರೂಪಾಯಿ ಸಾಕು. ಒಂದು ಎಚ್ಚರಿಕೆ: ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆಯ ರಕ್ಷಣೆ ಇದೆ, ಪತ್ತಿನ ಸಹಕಾರ ಸಂಘದ ಠೇವಣಿಗೆ ಇಲ್ಲ. ಮಕ್ಕಳ ದುಡ್ಡು ಇಡುವ ಮೊದಲು ವಿಚಾರಿಸಿರಿ.

ಕೊನೆಯ ಮಾತು ಹಿರಿಯರಿಗೆ. ಸಾಲ ಮಾಡಿ ಮದುವೆಯ ಆಡಂಬರ ಮಾಡುವ ಮನೆಯಲ್ಲಿ ಮಗುವಿನ ಗೋಲಕಕ್ಕೆ ಅರ್ಥವಿಲ್ಲ. ಮಕ್ಕಳು ನಮ್ಮ ಉಪದೇಶ ಮರೆತಾರು, ನಮ್ಮ ಖರ್ಚನ್ನು ಮರೆಯುವುದಿಲ್ಲ. ಮುಂದಿನ ಲಗ್ನದ ಮಾತುಕತೆಗೆ ಕೂಡುವಾಗ ಮನೆಯ ಮಕ್ಕಳನ್ನೂ ಪಕ್ಕದಲ್ಲಿ ಕೂಡಿಸಿಕೊಂಡು, ಅವರ ಎದುರೇ ಲೆಕ್ಕ ಹಾಕಿರಿ.