ಓದು ಬಂತು, ಅರ್ಥ ಬಂತೆ?

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ಎಸ್.ಎಸ್.ಎಲ್.ಸಿ. ಇಂಗ್ಲಿಷ್ ಪರೀಕ್ಷೆಯ ಬಗ್ಗೆ ಮಾತಾಡುತ್ತೇನೆ ಎಂದಾಗ, ಶಿವಾನುಭವ ಗೋಷ್ಠಿಗೂ ಇಂಗ್ಲಿಷ್ ಪರೀಕ್ಷೆಗೂ ಏನು ಸಂಬಂಧ ಎಂದು ಒಬ್ಬರು ಕೇಳಿದರು. ಸಂಬಂಧ ಇದೆಯೋ ಇಲ್ಲವೋ ತಾವೇ ನೋಡಿ. ಮೊದಲು ನಾನು ಒಂದು ವಾಕ್ಯ ಹೇಳುತ್ತೇನೆ, ಮಕ್ಕಳು ಕೇಳಿಸಿಕೊಳ್ಳಿ.

'ನಿನ್ನೆ ಸಂಜೆ ಗೊಬ್ಬಳನು ಮೂರು ಕಿಂಪುಗಳನ್ನು ಡರಿದ್ದರಿಂದ ಊರವರೆಲ್ಲ ಜಿಬ್ಬಿದರು.'

ಈಗ ಪ್ರಶ್ನೆ. ಕಿಂಪುಗಳನ್ನು ಡರಿದವರು ಯಾರು? ಗೊಬ್ಬಳ. ಎಷ್ಟು ಕಿಂಪು? ಮೂರು. ಊರವರು ಏಕೆ ಜಿಬ್ಬಿದರು? ಗೊಬ್ಬಳನು ಮೂರು ಕಿಂಪುಗಳನ್ನು ಡರಿದ್ದರಿಂದ. ಭೇಷ್, ಮೂರಕ್ಕೆ ಮೂರು ಅಂಕ. ಆದರೆ ಗೊಬ್ಬಳ ಯಾರು, ಕಿಂಪು ಎಂದರೆ ಏನು, ಡರಿಯುವುದು ಹೇಗೆ? ನಿಮಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆ ಪದಗಳು ಯಾವ ನಿಘಂಟಿನಲ್ಲೂ ಇಲ್ಲ. ನಾನೇ ಬೆಳಿಗ್ಗೆ ಸ್ನಾನ ಮಾಡುವಾಗ ಕಟ್ಟಿಕೊಂಡು ಬಂದೆ.

ನಗಬೇಡಿ. ನಮ್ಮ ಮಕ್ಕಳು ಇಂಗ್ಲಿಷ್ ಗದ್ಯಭಾಗ ಓದಿ ಉತ್ತರ ಬರೆಯುವುದು ಬಹುಮಟ್ಟಿಗೆ ಹೀಗೆಯೇ. ಪ್ರಶ್ನೆಯಲ್ಲಿರುವ ಪದ ಗದ್ಯದಲ್ಲಿ ಎಲ್ಲಿದೆ ಎಂದು ಬೆರಳಿಟ್ಟು ಹುಡುಕುತ್ತಾರೆ. ಸಿಕ್ಕಿದ ಸಾಲನ್ನು ಚುಕ್ಕೆಯಿಂದ ಚುಕ್ಕೆಗೆ ಇಳಿಸಿಕೊಳ್ಳುತ್ತಾರೆ. ಇದನ್ನೇ 'ಅಭ್ಯಾಸ' ಎಂದು ಕರೆದು ಜನವರಿಯಿಂದ ಮಾರ್ಚ್‌ವರೆಗೆ ಮಾಡಿಸುತ್ತೇವೆ.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ಮೂರು ತಾಲ್ಲೂಕುಗಳ ಶಾಲೆಗಳಲ್ಲಿ ನಾನು ಇಂಗ್ಲಿಷ್ ಕಲಿಸಿದವನು. ಕನ್ನಡ ಮಾಧ್ಯಮದ ಮಗುವಿಗೆ ಇಂಗ್ಲಿಷ್ ದ್ವಿತೀಯ ಭಾಷೆ. 80 ಅಂಕಗಳ ಬರಹದ ಪರೀಕ್ಷೆ, ಉಳಿದ 20 ಆಂತರಿಕ ಅಂಕ. ಆ ಪತ್ರಿಕೆಯಲ್ಲಿ ಪದ್ಯ ಬಾಯಿಪಾಠ ಮಾಡಿ ಬರೆಯಬಹುದು. ಪತ್ರಕ್ಕೆ ಮಾದರಿ ಇದೆ, ಪ್ರಬಂಧಕ್ಕೆ ಗೈಡ್ ಇದೆ. ಪಠ್ಯದಲ್ಲಿ ಆರ್.ಕೆ. ನಾರಾಯಣ್ ಅವರ 'ಎ ಹೀರೋ' ಎಂಬ ಪಾಠವಿದೆ. ಅಪ್ಪ ಸ್ವಾಮಿಯನ್ನು ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗು ಎಂದು ಏಕೆ ಹೇಳಿದ ಎಂದು ಕೇಳಿ, ತೊಟ್ಟಿಲ ಕೂಸೂ ಹೇಳುವಷ್ಟು ಸಲೀಸಾಗಿ ಇಂಗ್ಲಿಷಿನಲ್ಲೇ ಒಪ್ಪಿಸುತ್ತಾರೆ. 'ದೆವ್ವ ಅಂತ ಹೆದರಿ ಕಳ್ಳನ ಕಾಲು ಕಚ್ಚಿದ ಹುಡುಗ ಶೂರನೇನಪ್ಪಾ?' ಎಂದು ಕನ್ನಡದಲ್ಲೇ ಕೇಳಿ, ತರಗತಿ ನಿಶ್ಶಬ್ದ. ಆ ಪ್ರಶ್ನೆ ಗೈಡ್‌ನಲ್ಲಿ ಇಲ್ಲ.

ಇಡೀ ಪತ್ರಿಕೆಯಲ್ಲಿ ಬಾಯಿಪಾಠದ ಕೈಗೆ ಪೂರ್ತಿ ಸಿಗದೆ ಉಳಿಯುವುದು ಆ ಕಾಣದ ಗದ್ಯಭಾಗ ಒಂದೇ. ಅದಕ್ಕೆ ಇರುವುದು ನಾಲ್ಕೇ ಅಂಕ. ನಾಲ್ಕು ಅಂಕಕ್ಕೆ ಇಷ್ಟು ಮಾತೇ ಎನ್ನಬೇಡಿ. ಆ ನಾಲ್ಕು ಅಂಕ ನಾಳೆ ಪಿ.ಯು.ಸಿ. ವಿಜ್ಞಾನದ ಪುಸ್ತಕವಾಗುತ್ತದೆ, ಬ್ಯಾಂಕಿನ ಸಾಲಪತ್ರವಾಗುತ್ತದೆ, ಆಸ್ಪತ್ರೆಯ ಚೀಟಿಯಾಗುತ್ತದೆ, ಹೈಕೋರ್ಟಿನ ಆದೇಶವಾಗುತ್ತದೆ. ಅವುಗಳಿಗೆ ಯಾರೂ ಗೈಡ್ ಅಚ್ಚು ಹಾಕಿಸುವುದಿಲ್ಲ.

ನಮ್ಮ ಜಿಲ್ಲೆಯ ಮಾತನ್ನೇ ತೆಗೆದುಕೊಳ್ಳೋಣ. 2023ರ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ಚಿತ್ರದುರ್ಗ ಶೇ. 96.80 ಪಡೆದು ರಾಜ್ಯಕ್ಕೇ ಮೊದಲು ಬಂತು. ಪೇಡ ಹಂಚಿದೆವು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು. ರಾಜ್ಯದ ಫಲಿತಾಂಶ ಶೇ. 83.89ರಿಂದ 73.40ಕ್ಕೆ ಇಳಿಯಿತು, ಅದೂ ಗ್ರೇಸ್ ಅಂಕ ಹೆಚ್ಚಿಸಿದ ಮೇಲೆ. ನಮ್ಮ ಜಿಲ್ಲೆ ಶೇ. 72.85 ಪಡೆದು 21ನೇ ಸ್ಥಾನಕ್ಕೆ ಬಂದು ನಿಂತಿತು. ಒಂದು ವರ್ಷದಲ್ಲಿ ಮಕ್ಕಳ ಬುದ್ಧಿ ಬದಲಾಗಲಿಲ್ಲ, ಮೇಷ್ಟ್ರುಗಳೂ ಬದಲಾಗಲಿಲ್ಲ. ಯಾರನ್ನೂ ದೂರಲು ಈ ಅಂಕಿಗಳನ್ನು ಹೇಳುತ್ತಿಲ್ಲ. ಮೊದಲ ಸ್ಥಾನವನ್ನು ಊರೆಲ್ಲ ಮೆರವಣಿಗೆ ಮಾಡಿದ ನಾವು 21ನೇ ಸ್ಥಾನದ ಬಗ್ಗೆ ಒಂದು ಗೋಷ್ಠಿಯನ್ನೂ ಮಾಡಲಿಲ್ಲವಲ್ಲ, ಅದಕ್ಕೆ ಹೇಳುತ್ತಿದ್ದೇನೆ.

ಇನ್ನು ಮಗು ಎಲ್ಲಿ ಎಡವುತ್ತದೆ ಎಂಬುದನ್ನು ನೋಡೋಣ. ಪ್ರಸಾದನಿಲಯದ ಮಕ್ಕಳಿಗಾಗಿ ನಾನು ಎಂಟು ಸಾಲಿನ ಒಂದು ಇಂಗ್ಲಿಷ್ ಗದ್ಯಭಾಗ ಬರೆದಿದ್ದೆ. ವಿಷಯ ನಮ್ಮ ಮಾರಿಕಣಿವೆ, ವಾಣಿವಿಲಾಸ ಸಾಗರ. ವೇದಾವತಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು, 1907ರಲ್ಲಿ ಮುಗಿದದ್ದು, 1933ರಲ್ಲಿ ಮೊದಲ ಸಲ ಕೋಡಿ ಬಿದ್ದದ್ದು, ಹೀಗೆ. ಅದರಲ್ಲಿ ಒಂದು ವಾಕ್ಯ: 'ಇಟ್ ಡಿಡ್ ನಾಟ್ ಓವರ್‌ಫ್ಲೋ ಅಗೇನ್ ಅಂಟಿಲ್ 2022.' ಕೆಳಗೆ ಎರಡು ಪ್ರಶ್ನೆ. 2022ರಲ್ಲಿ ಕೋಡಿ ಬಿತ್ತೆ? ಎರಡನೆಯ ಸಲ ಕೋಡಿ ಬೀಳುವುದನ್ನು ನೋಡಲು ಜನ ಎಷ್ಟು ವರ್ಷ ಕಾದರು?

ಹಿರಿಯೂರು ಕಡೆಯ ಒಬ್ಬ ಹುಡುಗ ಮೊದಲ ಪ್ರಶ್ನೆಗೆ 'ನೋ' ಎಂದು ಬರೆದ. ಎರಡನೆಯದಕ್ಕೆ '2022' ಎಂದು ಬರೆದ. 'ಅಲ್ಲಪ್ಪಾ, ನೀನು ಕೋಡಿ ನೋಡಲು ಹೋಗಿರಲಿಲ್ಲವಾ?' ಎಂದೆ. 'ಹೋಗಿದ್ದೆ ಸರ್, ನಮ್ಮ ತಾತನ ಜೊತೆ, ಟ್ರಾಕ್ಟರ್‌ನಲ್ಲಿ. ಬಾಗಿನ ಬಿಡೋರು, ಫೋಟೋ ಹಿಡಿಯೋರು, ಜಾತ್ರೆ ಇದ್ದಂಗಿತ್ತು' ಎಂದ. ತನ್ನ ಕಣ್ಣಾರೆ ಕಂಡ ನೀರನ್ನೇ ಆ ಹುಡುಗ ಕಾಗದದ ಮೇಲೆ ಇಲ್ಲ ಎಂದು ಬರೆದಿದ್ದ! ಕಾರಣ, 'ಡಿಡ್ ನಾಟ್' ಕಂಡಿತು, '2022' ಕಂಡಿತು. ನಡುವೆ ಕೂತಿದ್ದ 'ಅಂಟಿಲ್' ಕಾಣಲಿಲ್ಲ. ಅದನ್ನೇ ನಾನು ಕನ್ನಡದಲ್ಲಿ '2022ರ ತನಕ ಮತ್ತೆ ಕೋಡಿ ಬೀಳಲಿಲ್ಲ' ಎಂದ ಕೂಡಲೇ, 'ಹಂಗಂದ್ರೆ ಅವತ್ತು ಬಿತ್ತು ಅಂತ ಸರ್' ಎಂದ. ಬುದ್ಧಿಗೆ ಬರ ಇರಲಿಲ್ಲ. ಓದುವಾಗ ಆ ಬುದ್ಧಿಯನ್ನು ಬಳಸಬೇಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಇಂಗ್ಲಿಷ್ ಎಂದರೆ ಬುದ್ಧಿಯನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಒಳಗೆ ಬರುವ ಕೋಣೆ ಎಂದು ಅವನು ತಿಳಿದಿದ್ದ.

ಎರಡನೆಯ ಪ್ರಶ್ನೆಯ ಉತ್ತರ 89 ವರ್ಷ. 89 ಎಂಬ ಅಂಕಿ ಗದ್ಯದಲ್ಲಿ ಎಲ್ಲೂ ಇಲ್ಲ. 'ಗದ್ಯದಲ್ಲಿ ಇಲ್ಲದ್ದನ್ನು ಹೇಗೆ ಬರೆಯೋದು ಸರ್, ತಪ್ಪಲ್ವಾ?' ಎಂದು ಹೊಸದುರ್ಗದ ಕಡೆಯ ಹುಡುಗಿಯೊಬ್ಬಳು ಗಾಬರಿಯಿಂದಲೇ ಕೇಳಿದಳು. ಕಳೆಯುವ ಲೆಕ್ಕ ಅವಳಿಗೆ ಚೆನ್ನಾಗಿಯೇ ಬರುತ್ತಿತ್ತು. ಅವರ ಮನೆಯ ಕೊಬ್ಬರಿ ಲೆಕ್ಕ ಬರೆಯುವವಳು ಅವಳೇ. ಅದನ್ನು ಇಂಗ್ಲಿಷ್ ಪೀರಿಯಡ್‌ನಲ್ಲಿ ಮಾಡಲು ಅನುಮತಿ ಬೇಕಿತ್ತು, ಅಷ್ಟೆ.

ಇಂಗ್ಲಿಷ್ ವಾಕ್ಯದ ನಡಿಗೆಯೇ ನಮ್ಮದಕ್ಕೆ ಎದುರು. ನಾವು 'ನಿನ್ನೆ ಬಂದ ಹುಡುಗ' ಎನ್ನುತ್ತೇವೆ, ಅವರು ಹುಡುಗನನ್ನು ಮೊದಲು ನಿಲ್ಲಿಸಿ ಆಮೇಲೆ 'ಹೂ ಕೇಮ್ ಎಸ್ಟರ್‌ಡೇ' ಎಂದು ಹಿಂದೆ ಕಟ್ಟುತ್ತಾರೆ. ನಮ್ಮಲ್ಲಿ ಬಂದನು, ಬಂದಳು, ಬಂದಿತು ಎಂದರೆ ಬಂದವರು ಯಾರೆಂದು ಕ್ರಿಯಾಪದವೇ ಹೇಳಿಬಿಡುತ್ತದೆ. ಇಂಗ್ಲಿಷಿನ 'ಕೇಮ್' ಯಾರ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ. ಹಾಗಾಗಿ 'ಹಿ', 'ಶಿ', 'ಇಟ್', 'ದೇ' ಎಂಬ ಪುಟ್ಟ ಪದಗಳ ಕೈ ಹಿಡಿದು, ಇದು ಯಾರನ್ನು ಹೇಳುತ್ತಿದೆ ಎಂದು ಹಿಂದಿನ ಸಾಲಿಗೆ ನಡೆದು ಹೋಗಿ ನೋಡಬೇಕು. 'ಬಟ್', 'ಆಲ್‌ದೋ', 'ಅನ್‌ಲೆಸ್', 'ಅಂಟಿಲ್' ಬಂದಾಗ ಎತ್ತಿನ ಗಾಡಿ ತಿರುವಿನಲ್ಲಿ ನಿಧಾನ ಮಾಡಿದಂತೆ ನಿಧಾನ ಮಾಡಬೇಕು. ಮಕ್ಕಳು ದೊಡ್ಡ ಪದಗಳಿಗೆ ಹೆದರುತ್ತಾರೆ, ಬೀಳುವುದು ಈ ಸಣ್ಣ ಪದಗಳ ಮೇಲೆ. ದೊಡ್ಡ ಪದ ಗೊತ್ತಿಲ್ಲದಿದ್ದರೂ ಅಕ್ಕಪಕ್ಕದ ಸಾಲಿನಿಂದ ಊಹಿಸಬಹುದು. ಅಡಿಕೆ ತೋಟದಲ್ಲಿ ಹೊಸಬ ಕೂಲಿಯವನು ಕೊನೆ, ಹಾಳೆ, ದೋಟಿ ಎಂಬ ಮಾತುಗಳನ್ನು ನಿಘಂಟು ಹಿಡಿದು ಕಲಿಯುತ್ತಾನೆಯೆ?

ಈಗ ಶರಣರ ಕಡೆಗೆ ಬರುತ್ತೇನೆ. ಶೂನ್ಯಸಂಪಾದನೆಯನ್ನು ನಾವು ಪೂಜೆಗೆ ಇಡುತ್ತೇವೆ. ಅದರ ತುಂಬ ಇರುವುದೇನು? ಪ್ರಶ್ನೆ ಮತ್ತು ಉತ್ತರ. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಪ್ರಭುದೇವರು ಅವಳನ್ನು ಸುಮ್ಮನೆ ಒಳಗೆ ಬಿಟ್ಟುಕೊಳ್ಳಲಿಲ್ಲ. ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದರು. ಪ್ರಶ್ನೆಯಲ್ಲಿದ್ದ ಪದಗಳನ್ನೇ ಮರಳಿ ಒಪ್ಪಿಸಿದ್ದರೆ ಅಕ್ಕ ಅಲ್ಲಿ ಅಕ್ಕ ಆಗುತ್ತಿರಲಿಲ್ಲ. ಪ್ರತಿ ಸಲವೂ ಪ್ರಶ್ನೆಯ ಒಳಹೊಕ್ಕು, ತನ್ನ ಬದುಕಿನಿಂದ ಉತ್ತರ ತಂದಳು. ಅದು ಕಾಣದ ಗದ್ಯಭಾಗದ ಪರೀಕ್ಷೆ. ನಾವು ಇವತ್ತು ಬಸವ ಜಯಂತಿಗೆ ಏನು ಮಾಡುತ್ತೇವೆ? ವಚನ ಕಂಠಪಾಠ ಸ್ಪರ್ಧೆ! ಐವತ್ತು ವಚನ ಹೇಳಿದವರಿಗೆ ಮೊದಲ ಬಹುಮಾನ, ನಲವತ್ತಕ್ಕೆ ಎರಡನೆಯದು. ನಾನು ತೀರ್ಪುಗಾರನಾಗಿದ್ದ ಒಂದು ಕಡೆ, ಐವತ್ತೂ ಹೇಳಿದ ಮಗುವಿಗೆ 'ಇದರಲ್ಲಿ ಬಸವಣ್ಣನವರು ಯಾರನ್ನು ಟೀಕಿಸುತ್ತಿದ್ದಾರಮ್ಮಾ?' ಎಂದು ಕೇಳಿದೆ. ಮಗು ನನ್ನನ್ನು ಬಿಟ್ಟು ತನ್ನ ತಾಯಿಯ ಮುಖ ನೋಡಿತು. ತಾಯಿ ಸಂಘಟಕರ ಮುಖ ನೋಡಿದರು. ಮಂತ್ರ ಅರ್ಥವಾಗದಿದ್ದರೂ ಪುಣ್ಯ ಬರುತ್ತದೆ ಎಂಬುದನ್ನು ಒಪ್ಪದವರು ಶರಣರು. ನಾವು ಅವರ ವಚನವನ್ನೇ ಮಂತ್ರ ಮಾಡಿಟ್ಟಿದ್ದೇವೆ. ಕನ್ನಡದ ವಚನವನ್ನು ಅರ್ಥ ಮಾಡಿಕೊಂಡು ಓದುವ ರೂಢಿ ಇಲ್ಲದ ಮಗು ಇಂಗ್ಲಿಷ್ ಗದ್ಯವನ್ನು ಅರ್ಥ ಮಾಡಿಕೊಂಡು ಓದೀತು ಎಂದು ಹೇಗೆ ನಂಬುವುದು? ರೋಗ ಒಂದೇ. ಅದು ಇಂಗ್ಲಿಷ್ ಪತ್ರಿಕೆಯಲ್ಲಿ ಹೊರಗೆ ಕಾಣಿಸಿಕೊಳ್ಳುತ್ತದೆ, ಅಷ್ಟೆ.

ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತ ಬಲ್ಲವರ ಕೈಯಲ್ಲಿ ಬೀಗದ ಕೈ ಇತ್ತು. ಶರಣರು ಕನ್ನಡದಲ್ಲಿ ಬಾಗಿಲು ಒಡೆದರು. ಅಂಬಿಗರ ಚೌಡಯ್ಯ, ಆಯ್ದಕ್ಕಿ ಲಕ್ಕಮ್ಮ ಮಾತಾಡಿದ್ದು ಹಾಗೆ. ಇವತ್ತು ಆ ಬೀಗದ ಕೈ ಇಂಗ್ಲಿಷ್ ಬಲ್ಲವರ ಹತ್ತಿರ ಇದೆ. ಅದನ್ನು ಬೈದರೆ ಬಾಗಿಲು ತೆರೆಯುವುದಿಲ್ಲ, ಆರತಿ ಎತ್ತಿದರೂ ತೆರೆಯುವುದಿಲ್ಲ. ಒಂದು ಮಾತು ಪೂಜ್ಯರ ಕ್ಷಮೆ ಕೇಳಿ ಹೇಳುತ್ತೇನೆ. ನಮ್ಮ ಮಠಗಳು ನಡೆಸುವ ಶಾಲೆಗಳಲ್ಲೂ ಈಗ ಎರಡು ಬಾಗಿಲಾಗಿವೆ. ಫೀಸು ಕೊಡಬಲ್ಲವರ ಮಗುವಿಗೆ ಬಸ್ಸು, ಟೈ, ಇಂಗ್ಲಿಷ್ ಮಾಧ್ಯಮ. ಪ್ರಸಾದನಿಲಯದ ಮಗುವಿಗೆ, ಅದು ನಮ್ಮವರ ಮಗುವಿರಲಿ, ಹಟ್ಟಿಯದಿರಲಿ, ತಾಂಡಾದ್ದಿರಲಿ, ಕನ್ನಡ ಮಾಧ್ಯಮ ಮತ್ತು ಮಾರ್ಚ್‌ನಲ್ಲಿ ಒಂದು ಗೈಡ್. ಅನ್ನದಲ್ಲಿ ಪಂಕ್ತಿಭೇದ ಇಲ್ಲ ಎನ್ನುವ ನಾವು ಅಕ್ಷರದಲ್ಲಿ ಪಂಕ್ತಿಭೇದ ಮಾಡಬಹುದೆ? ಕನ್ನಡ ಮಾಧ್ಯಮವನ್ನು ನಾನು ಹಳಿಯುತ್ತಿಲ್ಲ. ಕನ್ನಡದಲ್ಲಿ ಚೆನ್ನಾಗಿ ಓದಿ ತಿಳಿಯುವ ಮಗು ಇಂಗ್ಲಿಷನ್ನೂ ಬೇಗ ಹಿಡಿಯುತ್ತದೆ, ಇದು ನಾನು ತರಗತಿಯಲ್ಲಿ ಕಂಡದ್ದು. ಕನ್ನಡವನ್ನೂ ಇಂಗ್ಲಿಷನ್ನೂ ಎರಡನ್ನೂ ಅರ್ಧಂಬರ್ಧ ಕೊಟ್ಟು ಕಳಿಸುತ್ತಿದ್ದೇವಲ್ಲ, ಅದಕ್ಕೆ ನನ್ನ ತಕರಾರು.

ಫೇಲಾದ ಹುಡುಗ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಬೇಕರಿಗೋ ಹೋಗುತ್ತಾನೆ. ಫೇಲಾದ ಹುಡುಗಿಗೆ ಬರುವ ಮಾಘದೊಳಗೆ ಗಂಡು ನೋಡುತ್ತಾರೆ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಮತ್ತೆ ಕಟ್ಟಬಹುದು. ಆದರೆ ಮತ್ತೆ ಕಟ್ಟಿಸುವ ಮನಸ್ಸು ಮನೆಯಲ್ಲಿ ಇರಬೇಕಲ್ಲ.

ಏನು ಮಾಡಬಹುದು? ಸಂಜೆಯ ಸಾಮೂಹಿಕ ಪ್ರಾರ್ಥನೆಯ ನಂತರ ಅರ್ಧ ಗಂಟೆ. ಮೈಕು ಬೇಡ, ಬೆತ್ತ ಬೇಡ. ಮೊದಲು ಒಂದು ವಾರ ಬರೀ ಕನ್ನಡ. ದಿನಪತ್ರಿಕೆಯ ಒಂದು ಸುದ್ದಿಯನ್ನು ಸದ್ದಿಲ್ಲದೆ ಓದಿ, ಹಾಳೆ ಮಗುಚಿ, ಪಕ್ಕದವನಿಗೆ ತನ್ನ ಮಾತಿನಲ್ಲಿ ಹೇಳಬೇಕು. ಸಾಣೇಹಳ್ಳಿಯಲ್ಲಿ ಶಿವಸಂಚಾರದ ನಾಟಕ ನೋಡಿದವರು ಇಲ್ಲಿ ಬಹಳ ಜನ ಇದ್ದೀರಿ. ಯಾರು ಯಾರಿಗೆ ಏಕೆ ಹೇಳುತ್ತಿದ್ದಾರೆ ಎಂದು ತಿಳಿಯದ ನಟನ ಬಾಯಲ್ಲಿ ಮಾತು ಹೇಗೆ ಸಾಯುತ್ತದೆ ಎಂಬುದು ನಿಮಗೆ ಗೊತ್ತು.

ಆಮೇಲೆ ಇಂಗ್ಲಿಷ್. ಅದಕ್ಕೆ ಒಂದು ಸುಲಭದ ದಾರಿ ನಮ್ಮ ಮನೆಯಲ್ಲೇ ಇದೆ. ಎ.ಕೆ. ರಾಮಾನುಜನ್ ಅವರ 'ಸ್ಪೀಕಿಂಗ್ ಆಫ್ ಶಿವ' 1973ರಲ್ಲಿ ಬಂತು. ಎಂ.ಎಂ. ಕಲಬುರ್ಗಿಯವರು ಆರಿಸಿದ 2,500 ವಚನಗಳನ್ನು ಬಸವ ಸಮಿತಿ ಇಂಗ್ಲಿಷಿಗೂ ತಂದಿದೆ. ಮಗುವಿಗೆ ಬಾಯಿಗೆ ಬರುವ ವಚನವನ್ನೇ ಇಂಗ್ಲಿಷಿನಲ್ಲಿ ಕೊಡಿ, ಹೆಸರು ಹೇಳಬೇಡಿ. ಇದು ಯಾವ ವಚನ ಎಂದು ಕಂಡುಹಿಡಿಯಲಿ. ಕಂಡುಹಿಡಿದಾಗ ಆ ಮುಖ ನೋಡಬೇಕು ನೀವು! ಪದ ಗೊತ್ತಿಲ್ಲದಿದ್ದರೂ ಅರ್ಥದ ಜಾಡು ಹಿಡಿದು ಹೋಗಬಹುದು ಎಂಬ ಧೈರ್ಯ ಅಲ್ಲಿಂದ ಶುರುವಾಗುತ್ತದೆ. ಮೂರನೆಯ ವಾರದಿಂದ ಉತ್ತರ ಬರೆಯುವುದು ಬಿಟ್ಟು ಪ್ರಶ್ನೆ ಬರೆಯಲು ಹೇಳಿ. ಗದ್ಯದಲ್ಲಿ ನೇರವಾಗಿ ಸಿಗುವ ಒಂದು ಪ್ರಶ್ನೆ, ಯೋಚಿಸಿದರೆ ಮಾತ್ರ ಸಿಗುವ ಒಂದು ಪ್ರಶ್ನೆ. ಎರಡನೆಯದನ್ನು ಮಾಡಲು ಒದ್ದಾಡುತ್ತಾರೆ. ಒದ್ದಾಡಲಿ, ಬಿಡಿ.

ಮುಂದಿನ ಬಸವ ಜಯಂತಿಯ ಕಂಠಪಾಠ ಸ್ಪರ್ಧೆಯ ಪಕ್ಕದಲ್ಲಿ ಇನ್ನೊಂದು ಸ್ಪರ್ಧೆ ಇಡೋಣ ಎಂದು ಪೂಜ್ಯರಲ್ಲಿ ಕೇಳಿಕೊಂಡಿದ್ದೇನೆ. ಮಗು ಹಿಂದೆ ಕೇಳಿರದ ಒಂದು ವಚನ, ಹತ್ತು ನಿಮಿಷ ಸಮಯ, ಮೂರು ಪ್ರಶ್ನೆ. ದೊಡ್ಡವರಿಗೂ ಒಂದು ವಿಭಾಗ ಇರಲಿ. ಬಹುಮಾನ ಯಾರಿಗೆ ಹೋಗುತ್ತದೆಯೋ ನೋಡೋಣ.

ಇಲ್ಲಿ ಕೂತವರಲ್ಲಿ ಪದವೀಧರರಿದ್ದೀರಿ, ನಿವೃತ್ತ ನೌಕರರಿದ್ದೀರಿ, ಬ್ಯಾಂಕಿನಲ್ಲಿ ಇದ್ದವರೂ ಇದ್ದೀರಿ. ದಾಸೋಹಕ್ಕೆ ಅಕ್ಕಿ ಕೊಡುತ್ತೀರಿ, ಬೇಳೆ ಕೊಡುತ್ತೀರಿ. ವಾರಕ್ಕೆ ಎರಡು ಸಂಜೆ, ಅರ್ಧರ್ಧ ಗಂಟೆ ಕೊಡಿ ಎಂದು ಕೇಳುತ್ತೇನೆ. ಇಂಗ್ಲಿಷ್ ಪಂಡಿತರೇ ಆಗಬೇಕಿಲ್ಲ. 'ಹಂಗಂದ್ರೆ ಏನಪ್ಪಾ?' ಎಂದು ಮಗುವನ್ನು ಕೇಳಿ, ಅದು ಹೇಳುವ ತನಕ ಸುಮ್ಮನೆ ಕಾಯುವ ತಾಳ್ಮೆ ಇದ್ದರೆ ಸಾಕು. ಮಾರಿಕಣಿವೆಯ ಗದ್ಯಭಾಗದ ಇಪ್ಪತ್ತು ಪ್ರತಿ ತಂದಿದ್ದೇನೆ, ಬಾಗಿಲ ಹತ್ತಿರದ ಮೇಜಿನ ಮೇಲಿದೆ. ಹೆಸರು ಬರೆಸಲು ಒಂದು ನೋಟ್‌ಬುಕ್ಕೂ ಅಲ್ಲೇ ಇದೆ. ಪ್ರಸಾದಕ್ಕೆ ಏಳುವ ಮುಂಚೆ ಒಮ್ಮೆ ಆ ಕಡೆ ಬನ್ನಿ.