ಬ್ಯಾಟರಿ ಬೀಳಬಾರದು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳು)



1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ನಡುಗಿದಾಗ ನಮ್ಮ ಮನೆಯಲ್ಲೂ ಪಾತ್ರೆಗಳು ಗಡಗಡ ಅಂದವು, ಎಲ್ಲರೂ ಅಂಗಳಕ್ಕೆ ಓಡಿದೆವು ಎಂದು ಅವ್ವ ಈಗಲೂ ಹೇಳುತ್ತಾಳೆ. ಭೂಕಂಪ ಎಂದರೆ ನಮಗೆ ಗೋಡೆ, ಮಾಳಿಗೆಯ ಚಿಂತೆ. ಒಳಗಿಟ್ಟ ಕರೆಂಟಿನ ಸಾಮಾನು ಏನಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ನನ್ನದು ಸಾಫ್ಟ್‌ವೇರ್ ಕೆಲಸ. ಸರ್ವರ್ ಕೋಣೆಯಲ್ಲಿ ಬ್ಯಾಟರಿ ಸ್ಟ್ಯಾಂಡುಗಳನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿದಿದ್ದನ್ನು ನೋಡಿ, "ಇಷ್ಟು ಭಾರದ್ದು ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿದೆ. ಎಲೆಕ್ಟ್ರಿಷಿಯನ್ ನಕ್ಕುಬಿಟ್ಟ.

ಉತ್ತರ ಇದೇ ಶಾಲೆಯ 9ನೇ ತರಗತಿಯಲ್ಲಿತ್ತು. ಬಸ್ಸು ಥಟ್ಟನೆ ಹೊರಟಾಗ ನಿಂತವರು ಹಿಂದಕ್ಕೆ ವಾಲುವುದನ್ನು ವಿಜ್ಞಾನದ ಸರ್ ತಾವೇ ವಾಲಿ ತೋರಿಸಿದ್ದರು. ನೆಲ ಪಕ್ಕಕ್ಕೆ ಜರುಗುತ್ತದೆ, ಮೇಲಿನ ವಸ್ತು ಇದ್ದಲ್ಲೇ ಇರಲು ನೋಡುತ್ತದೆ. ಭಾರ ಹೆಚ್ಚಿದಷ್ಟೂ ಪಕ್ಕಕ್ಕೆ ತಳ್ಳುವ ಬಲವೂ ಹೆಚ್ಚು. ಬುಡ ಕಿರಿದಾಗಿದ್ದು ತೂಕ ಮೇಲಿದ್ದರೆ ಉರುಳಿಯೇ ಹೋಗುತ್ತದೆ. 2001ರ ಜನವರಿ 26ರಂದು ಭುಜ್ ಭೂಕಂಪದಲ್ಲಿ ವಿದ್ಯುತ್ ಉಪಕೇಂದ್ರಗಳ ಟನ್‌ಗಟ್ಟಲೆ ತೂಕದ ಟ್ರಾನ್ಸ್‌ಫಾರ್ಮರ್‌ಗಳೇ ಹಳಿ ಬಿಟ್ಟು ಜರುಗಿದವು. 1971ರ ಭೂಕಂಪದಲ್ಲಿ ಕ್ಯಾಲಿಫೋರ್ನಿಯಾದ ಆಲಿವ್ ವ್ಯೂ ಆಸ್ಪತ್ರೆಯಲ್ಲಿ ಕರೆಂಟು ಹೋಗಿ, ಜೀವ ಹಿಡಿದಿಟ್ಟಿದ್ದ ಯಂತ್ರಗಳು ನಿಂತು ಇಬ್ಬರು ರೋಗಿಗಳು ತೀರಿಕೊಂಡರು.

ಇಷ್ಟು ತಿಳಿದ ಮೇಲೂ, ಹೋದ ವರ್ಷ ನಮ್ಮ ಬ್ಯಾಚಿನವರು ಈ ಶಾಲೆಯ ಕಂಪ್ಯೂಟರ್ ಕೋಣೆಗೆ ಯುಪಿಎಸ್ ಕೊಟ್ಟಾಗ ಏನು ಮಾಡಿದೆವು? ಒಂದೊಂದೂ 50 ಕಿಲೊ ಮೀರಿದ ನಾಲ್ಕು ಬ್ಯಾಟರಿಗಳನ್ನು ಎರಡಂತಸ್ತಿನ ಕಬ್ಬಿಣದ ಸ್ಟ್ಯಾಂಡಿನ ಮೇಲೆ, ಅದೂ ಬಾಗಿಲ ಪಕ್ಕದಲ್ಲಿ ಇಟ್ಟು ಫೋಟೊ ತೆಗೆಸಿಕೊಂಡೆವು. ಬಿಗಿಯಾಗಿ ಕಟ್ಟಿದ್ದು ರಿಬ್ಬನ್ ಒಂದನ್ನೇ. ನಿನ್ನೆ ಸಂಜೆ ಹೋಗಿ ನೋಡಿದೆ. ಕೈಯಿಂದ ನೂಕಿದರೂ ಸ್ಟ್ಯಾಂಡ್ ಅಲುಗುತ್ತದೆ. ಬಿದ್ದರೆ ಮಕ್ಕಳು ಹೊರಗೆ ಓಡುವ ದಾರಿಗೇ ಬೀಳುತ್ತದೆ. ಆಮ್ಲ ಚೆಲ್ಲಬಹುದು, ತಂತಿ ತಂತಿ ತಾಗಿ ಕಿಡಿ ಹಾರಬಹುದು. ತಪ್ಪು ಶಾಲೆಯದಲ್ಲ, ಕೊಟ್ಟ ನಮ್ಮದು.

ಶಹಾಬಾದ್ ಕಲ್ಲಿಗೆ ನಾಲ್ಕು ಬೋಲ್ಟ್ ಹೊಡೆದರೆ ಆಯಿತು ಅನ್ನಬೇಡಿ. ಕಲ್ಲಿನ ಕೆಳಗಿರುವುದು ಮುರುಮ್ ಮಣ್ಣು. ಸ್ಟ್ಯಾಂಡ್ ವಾಲಿದರೆ ಕಲ್ಲೂ ಕಿತ್ತು ಬರುತ್ತದೆ. ಕಲ್ಲು ತೆಗೆದು, ಸರಳು ಕಟ್ಟಿ, ಅಗಲವಾದ ಕಾಂಕ್ರೀಟ್ ಕಟ್ಟೆ ಹಾಕಿ ಅದಕ್ಕೆ ಆಂಕರ್ ಬೋಲ್ಟ್ ಇಳಿಸಬೇಕು. ಬ್ಯಾಟರಿಗಳು ಒಂದೇ ಸಾಲಿನಲ್ಲಿ ಕೆಳಗಿರಬೇಕು, ಜಾರದಂತೆ ಸುತ್ತ ಪಟ್ಟಿ ಬೇಕು, ಒಂದಕ್ಕೊಂದು ಬಡಿಯದಂತೆ ನಡುವೆ ಬೆಣೆ ಬೇಕು. ಕೇಬಲ್ ಮಾತ್ರ ಬಿಗಿ ಇರಬಾರದು. ಗೋಡೆ ಒಂದು ರೀತಿ, ಸ್ಟ್ಯಾಂಡ್ ಇನ್ನೊಂದು ರೀತಿ ಅಲುಗುವಾಗ ಕಿತ್ತುಹೋಗದಷ್ಟು ಸಡಿಲ ಬಿಡಬೇಕು.

ಪುಣ್ಯಕ್ಕೆ ನಮ್ಮ ಬ್ಯಾಚಿನಲ್ಲೇ ಒಬ್ಬ ಗೌಂಡಿ ಇದ್ದಾನೆ. ಕಟ್ಟೆ ನಾಳೆ ಹಾಕುತ್ತೇವೆ. ಕ್ಯೂರಿಂಗ್ ಆಗುವ ತನಕ ಬ್ಯಾಟರಿಗಳು ಬಾಗಿಲಿನಿಂದ ದೂರ, ನೆಲದ ಮೇಲೇ ಇರಲಿ. ಮುಂದಿನ ತಿಂಗಳು ಬೋಲ್ಟ್ ಬಿಗಿಯಲು ನಾನೇ ಬರುತ್ತೇನೆ. ಹೆಡ್‌ಮಾಸ್ಟರ್ ಸರ್, ಬೆಳಿಗ್ಗೆ ಎಂಟಕ್ಕೆ ಕೋಣೆಯ ಕೀಲಿ ಬೇಕು.